ಅಯ್ಯನವರಿಗೆ ಒಂದು ರೂಪಾಯಿ

2024ನೆಯ ಇಸವಿಯ ಫೆಬ್ರುವರಿ ತಿಂಗಳ ಒಂದು ಭಾನುವಾರ ಬೆಳಗಿನ ಐದೂವರೆ ಗಂಟೆಯ ಸಮಯ. ಸ್ನಾನ ಮುಗಿಸಿ ಪೂಜೆಗೆ ಕುಳಿತುಕೊಳ್ಳಬೇಕೆಂದು ನಾವು ವಿಭೂತಿಯ ಕರಡಿಗೆಯನ್ನು ಕೈಗೆತ್ತಿಕೊಂಡಾಗ ಮಹಡಿಯ ಮೇಲಿನ ಕೋಣೆಯಿಂದ ಟಕಟಕನೆ ಏನೋ ಬಡಿಯುವ ಸಪ್ಪಳ ಕೇಳಿಬಂದಿತು. ಇಲಿಗಳ ಕಾಟವಿರಬೇಕೆಂದು ಮೊದಲು ಭಾವಿಸಿದೆವು. ಆದರೆ ಇಲಿಯ ಸಪ್ಪಳಕ್ಕೆ ಅಂಥ ಲಯವಿರುವುದಿಲ್ಲ. ಪೂಜೆ ಮುಗಿದ ಮೇಲೆ ಮೆಟ್ಟಿಲೇರಿ ಹೋಗಿ ಬಾಗಿಲನ್ನು ಮೆಲ್ಲನೆ ತಳ್ಳಿ ನೋಡಿದರೆ, ನಲವತ್ತೈದು ವರ್ಷದ ನಮ್ಮ ಹಿರಿಯ ಮಗನು ಕತ್ತಲೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು, ತೊಡೆಯ ಮೇಲೊಂದು ಹಲಗೆಯಂಥ ಪೆಟ್ಟಿಗೆಯನ್ನಿರಿಸಿಕೊಂಡು, ಅದರ ಮೇಲಿನ ಸಣ್ಣ ಕೋಲನ್ನು ಎಡಗೈಯಿಂದ ತಿರುವುತ್ತ, ಬಲಗೈ ಬೆರಳುಗಳಿಂದ ಗುಂಡಿಗಳನ್ನು ಬಡಿಯುತ್ತಿದ್ದನು. ಪರದೆಯ ಮೇಲೆ ಇಬ್ಬರು ಹೊಡೆದಾಡುತ್ತಿದ್ದರು. ಒಬ್ಬನು ಗಡ್ಡ ಬಿಟ್ಟು ಪೇಟ ಸುತ್ತಿಕೊಂಡ ಬಡಕಲು ಯೋಗಿ. ಇನ್ನೊಬ್ಬನು ಕೆಂಪು ಉಡುಪಿನ ದಾಂಡಿಗ.

“ಯಾರೊಡನೆ ಆಡುತ್ತಿದ್ದೀಯಪ್ಪಾ?” ಎಂದು ಕೇಳಿದೆವು.

ಅವನು ತಿರುಗಿ ನೋಡದೆಯೇ ತಮ್ಮನ ಹೆಸರನ್ನು ಹೇಳಿದನು. ನಮ್ಮ ಕಿರಿಯ ಮಗ ಇರುವುದು ಅಮೆರಿಕದ ಡಲ್ಲಾಸ್ ನಗರದಲ್ಲಿ. ಅಲ್ಲಿ ಆಗ ಶನಿವಾರದ ಸಾಯಂಕಾಲ.

ಓದುಗ ಬಂಧುಗಳಿಗೆ ಹಿನ್ನೆಲೆಯನ್ನು ಸ್ವಲ್ಪ ತಿಳಿಸಬೇಕು. ನಮ್ಮ ಧರ್ಮಪತ್ನಿಯವರು ಆ ವರ್ಷದ ಸಂಕ್ರಾಂತಿಯ ಮರುವಾರ ಲಿಂಗೈಕ್ಯರಾದರು. ಮಕ್ಕಳಿಬ್ಬರೂ ಬಂದರು. ಶಿವಗಣಾರಾಧನೆ ಮುಗಿದ ನಂತರ ಕಿರಿಯವನು ರಜೆ ತೀರಿತೆಂದು ಹೊರಟುಹೋದನು. ಪುಣೆಯಲ್ಲಿ ಯಂತ್ರಗಳ ನಕ್ಷೆ ತಯಾರಿಸುವ ಕೆಲಸದಲ್ಲಿರುವ ಹಿರಿಯವನು, ಮನೆಯಿಂದಲೇ ಕೆಲಸ ಮಾಡಲು ಅನುಮತಿ ಪಡೆದು, ಶಿವರಾತ್ರಿಯವರೆಗೆ ದಾವಣಗೆರೆಯ ನಮ್ಮ ಮನೆಯಲ್ಲೇ ಉಳಿದನು. ತಂದೆಯನ್ನು ಒಂಟಿಯಾಗಿ ಬಿಡಬಾರದೆಂಬುದು ಅವನ ವಿಚಾರ. ಆದರೆ ನಾವಿಬ್ಬರೂ ಒಂದೇ ಮನೆಯಲ್ಲಿದ್ದರೂ ನಮ್ಮ ನಡುವೆ ಮಾತು ಎಂಬುದು ಹೆಚ್ಚಾಗಿರಲಿಲ್ಲ. “ಊಟ ಆಯ್ತಾ”, “ಮಾತ್ರೆ ತಗೊಂಡ್ರಾ” ಎಂಬ ಎರಡು ಪ್ರಶ್ನೆಗಳಲ್ಲಿ ದಿನ ಮುಗಿಯುತ್ತಿತ್ತು. ಅವನಿಗೆ ಬಾಲ್ಯದಿಂದಲೂ ಮಾತು ಉಗ್ಗುತ್ತದೆ, ಅದೊಂದು ಕಾರಣವಿರಬಹುದು. ಇನ್ನೊಂದು ಕಾರಣವೂ ಇತ್ತು. ಅದು ಮೂವತ್ತು ವರ್ಷಗಳಷ್ಟು ಹಳೆಯದು. ಅದನ್ನು ಬರೆಯುವುದಕ್ಕೆಂದೇ ಈ ಲೇಖನವನ್ನು ಆರಂಭಿಸಿದ್ದೇವೆಯಾದರೂ ಲೇಖನಿ ಬೇರೆ ದಾರಿ ಹಿಡಿಯುತ್ತಿದೆ. ಹಿಡಿಯಲಿ.

ನಾವು ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವರು. ಡಲ್ಲಾಸಿನಲ್ಲಿರುವವನೂ ದಾವಣಗೆರೆಯಲ್ಲಿರುವವನೂ ಒಂದೇ ಕ್ಷಣದಲ್ಲಿ ಪರಸ್ಪರ ಹೊಡೆದಾಡುವುದು ಹೇಗೆ ಸಾಧ್ಯವೆಂಬ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಈ ಆಟಗಳು ಒಂದು ಸೆಕೆಂಡಿಗೆ 60 ಚಿತ್ರಗಳಂತೆ ಓಡುತ್ತವೆ, ಒಂದೊಂದು ಹೊಡೆತದ ಲೆಕ್ಕವೂ ಆ ಚಿತ್ರಗಳಲ್ಲೇ ಎಂದು ಮಗನು ತಿಳಿಸಿದನು. ನಾವು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆವು. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಇಲ್ಲಿಂದ ಡಲ್ಲಾಸಿಗೆ ನೇರವಾಗಿ ಅಳೆದರೂ ಸುಮಾರು 14,000 ಕಿಲೋಮೀಟರ್. ಹೋಗುವುದಕ್ಕೇ ಸೆಕೆಂಡಿನ ನೂರರಲ್ಲಿ ಏಳು ಪಾಲು ಬೇಕು, ಅಂದರೆ ನಾಲ್ಕು ಚಿತ್ರಗಳಿಗಿಂತ ಹೆಚ್ಚು. ಹೋಗಿ ಬರುವುದಕ್ಕೆ ಎಂಟಕ್ಕೂ ಮಿಕ್ಕಿ. ಸಮುದ್ರದ ತಳದಲ್ಲಿ ಸುತ್ತಿ ಬಳಸಿ ಹೋಗುವ ತಂತಿಗಳಲ್ಲಿ ಇದು ಇನ್ನೂ ಹೆಚ್ಚು. ಬೆಳಕಿಗಿಂತ ವೇಗವಾಗಿ ಹೋಗಲು ಯಾವ ಕಂಪನಿಗೂ ಸಾಧ್ಯವಿಲ್ಲವಾದ್ದರಿಂದ, ಅಣ್ಣನು ಹೊಡೆದದ್ದು ತಮ್ಮನಿಗೆ ತಡವಾಗಿಯೇ ತಟ್ಟಬೇಕು. ಹಾಗಾದರೆ ಆಟ ನಡೆಯುವುದು ಹೇಗೆ?

ಇದಕ್ಕೆ ಕಂಡುಕೊಂಡ ಉಪಾಯವನ್ನು ಕೇಳಿ ನಾವು ನಿಜವಾಗಿಯೂ ಸಂತೋಷಪಟ್ಟೆವು. ಎದುರಾಳಿಯ ಸುದ್ದಿ ಬರುವವರೆಗೆ ಯಂತ್ರವು ಕಾಯುತ್ತ ಕೂರುವುದಿಲ್ಲ. ಅವನು ಈ ಹಿಂದಿನ ಕ್ಷಣದಲ್ಲಿ ಏನು ಮಾಡುತ್ತಿದ್ದನೋ ಅದನ್ನೇ ಮುಂದುವರಿಸಿದ್ದಾನೆಂದು ಊಹಿಸಿ ಆಟವನ್ನು ಮುಂದಕ್ಕೆ ನಡೆಸುತ್ತದೆ. ಸುದ್ದಿ ಬಂದಾಗ ಊಹೆ ಸರಿಯಾಗಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ತಪ್ಪಾಗಿದ್ದರೆ, ಕಣ್ಣು ಮಿಟುಕಿಸುವುದರೊಳಗಾಗಿ ಹಿಂದಕ್ಕೆ ಹೋಗಿ, ನಿಜವಾಗಿ ನಡೆದದ್ದನ್ನು ಸೇರಿಸಿ, ಆ ಕೆಲವು ಚಿತ್ರಗಳನ್ನು ಮತ್ತೆ ಲೆಕ್ಕ ಹಾಕಿ, ಇದ್ದ ಜಾಗಕ್ಕೆ ಮರಳುತ್ತದೆ. ರೋಲ್‌ಬ್ಯಾಕ್ ಎಂದು ಇದರ ಹೆಸರು. ಅಮೆರಿಕದ ಟೋನಿ ಕ್ಯಾನನ್ ಎಂಬುವರು 2006ರ ಸುಮಾರಿಗೆ, ಅಂತರಜಾಲದ ಮೂಲಕ ಆಡುವಾಗಿನ ತಡವರಿಕೆಗೆ ಬೇಸತ್ತು, ಜಿಜಿಪಿಒ ಎಂಬ ಇಂಥದೊಂದು ವ್ಯವಸ್ಥೆಯನ್ನು ತಯಾರಿಸಿದರಂತೆ. ಈ ಆಟಗಳ ಜಗತ್ತಿನ ಅತಿ ದೊಡ್ಡ ಪಂದ್ಯಾವಳಿಯಾದ ಎವೊವನ್ನು ಹುಟ್ಟುಹಾಕಿದವರಲ್ಲಿ ಅವರೂ ಅವರ ಅವಳಿ ಸಹೋದರರೂ ಇದ್ದಾರೆ. ಅಣ್ಣತಮ್ಮಂದಿರು ಕೂಡಿ ಮಾಡಿದ ಕೆಲಸವೆಂದು ಕೇಳಿ ನಮಗೆ ಹಿತವೆನಿಸಿತು.

ಡಲ್ಲಾಸಿನಷ್ಟು ದೂರಕ್ಕೆ ಆ ಉಪಾಯವೂ ಪೂರ್ತಿ ಸಾಲದು. ಯೋಗಿಯು ಇಲ್ಲಿದ್ದವನು ಥಟ್ಟನೆ ಅಲ್ಲಿಗೆ ಹಾರಿಬಿಡುತ್ತಾನೆ. ತಾಗಿತೆಂದುಕೊಂಡ ಏಟು ತಾಗಿರುವುದಿಲ್ಲ. ಆದರೂ ಅಣ್ಣತಮ್ಮಂದಿರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಪ್ರತಿ ಭಾನುವಾರವೂ ಆಡುತ್ತಾರೆ. ಒಬ್ಬನದು ಕಂಪ್ಯೂಟರ್, ಇನ್ನೊಬ್ಬನದು ಪ್ಲೇಸ್ಟೇಷನ್. ಮೊದಲು ಹೀಗೆ ಒಂದು ಯಂತ್ರದವರು ಇನ್ನೊಂದು ಯಂತ್ರದವರೊಡನೆ ಆಡುವಂತಿರಲಿಲ್ಲವಂತೆ. ಒಂದೊಂದು ಕಂಪನಿಯೂ ತನ್ನ ಗಿರಾಕಿಗಳನ್ನು ತನ್ನ ಬೇಲಿಯೊಳಗೇ ಇಟ್ಟುಕೊಂಡಿತ್ತು. 2016ರಲ್ಲಿ ಬಂದ ಸ್ಟ್ರೀಟ್ ಫೈಟರ್ ಐದನೆಯ ಆಟದಲ್ಲಿ ಪ್ಲೇಸ್ಟೇಷನ್ ಮತ್ತು ಕಂಪ್ಯೂಟರಿನವರು ಕೂಡಿದರು. 2023ರ ಜೂನ್ ತಿಂಗಳಲ್ಲಿ ಬಂದ ಆರನೆಯ ಆಟದಲ್ಲಿ ಎಕ್ಸ್‌ಬಾಕ್ಸಿನವರೂ ಸೇರಿಕೊಂಡರು. 2024ರ ಜನವರಿಯಲ್ಲಿ ಬಂದ ಟೆಕ್ಕೆನ್ ಎಂಟನೆಯ ಆಟದಲ್ಲಿಯೂ ಹಾಗೆಯೇ.

ಯಂತ್ರ ಬೇರೆಯಾದರೆ ಕೈಯೂ ಬೇರೆಯಾಗುತ್ತದೆ. ಹಿರಿಯವನಿಗೆ ಕೋಲು ಹಿಡಿದರೇ ಆಟ. ಕಿರಿಯವನು ಎರಡೂ ಹೆಬ್ಬೆರಳುಗಳಿಂದ ಆಡುವ ಪುಟ್ಟ ಹಿಡಿಕೆಯವನು. ಇದಕ್ಕೆ ಕಾರಣವು ನಮ್ಮ ಮನೆಯ ಚರಿತ್ರೆಯಲ್ಲಿದೆ. ಅದು ನಮಗೆ ಹೆಮ್ಮೆ ತರುವಂಥದಲ್ಲ.

ಜಪಾನಿನ ಕ್ಯಾಪ್‌ಕಾಮ್ ಎಂಬ ಸಂಸ್ಥೆಯು ಸ್ಟ್ರೀಟ್ ಫೈಟರ್ ಎರಡನೆಯ ಆಟವನ್ನು ಹೊರತಂದದ್ದು 1991ರಲ್ಲಿ. ನಾಣ್ಯ ಹಾಕಿ ಆಡುವ ಎತ್ತರದ ಪೆಟ್ಟಿಗೆ. ಎಂಟು ದಿಕ್ಕಿಗೂ ಬಾಗುವ ಒಂದು ಕೋಲು, ಆರು ಗುಂಡಿಗಳು. ಮೂರು ಗುದ್ದಿಗೆ, ಮೂರು ಒದೆತಕ್ಕೆ. ಕೋಲನ್ನು ಕೆಳಗಿನಿಂದ ಮುಂದಕ್ಕೆ ಕಾಲು ವೃತ್ತದಷ್ಟು ತಿರುವಿ ಗುದ್ದಿನ ಗುಂಡಿಯನ್ನೊತ್ತಿದರೆ ಆಟಗಾರನ ಅಂಗೈಗಳಿಂದ ಬೆಳಕಿನ ಉಂಡೆಯೊಂದು ಹೊರಡುತ್ತದೆ. ಕೈವಾರದಿಂದ ತೊಂಬತ್ತು ಡಿಗ್ರಿ ಎಳೆದ ಹಾಗೆ. ಇದನ್ನು ಕೇಳಿದಾಗ ನಮ್ಮ ಎಷ್ಟು ವಿದ್ಯಾರ್ಥಿಗಳು ಕೈವಾರವನ್ನು ಸರಿಯಾಗಿ ತಿರುಗಿಸಲಾರದೆ ಪೆಟ್ಟು ತಿಂದಿದ್ದರೆಂಬುದು ನೆನಪಾಯಿತು. ಆ ಆಟವನ್ನು ರಚಿಸುವಾಗ, ಒಂದು ಹೊಡೆತ ಮುಗಿಯುವುದರೊಳಗೇ ಇನ್ನೊಂದನ್ನು ಸೇರಿಸಿ ಎದುರಾಳಿಗೆ ಬಿಡುವೇ ಇಲ್ಲದಂತೆ ಮಾಡುವ ಸಾಧ್ಯತೆಯು ರಚಿಸಿದವರ ಉದ್ದೇಶದಲ್ಲಿ ಇರಲಿಲ್ಲವಂತೆ. ಪರೀಕ್ಷೆ ಮಾಡುವಾಗ ಆಕಸ್ಮಿಕವಾಗಿ ಕಣ್ಣಿಗೆ ಬಿದ್ದಿತು, ಹಾಗೆಯೇ ಬಿಟ್ಟರು. ಇಂದು ಈ ಜಾತಿಯ ಆಟಗಳೆಲ್ಲವೂ ಆ ಆಕಸ್ಮಿಕದ ಮೇಲೆಯೇ ನಿಂತಿವೆ.

1992ರಲ್ಲಿ ಅದು ನಿಂಟೆಂಡೊ ಕಂಪನಿಯ ಮನೆಯ ಯಂತ್ರಕ್ಕೂ ಬಂದಿತು. ಸೆಗಾ ಕಂಪನಿಯ ಯಂತ್ರದ ಹಿಡಿಕೆಯಲ್ಲಿ ಮೂರೇ ಗುಂಡಿಗಳಿದ್ದವಾದ್ದರಿಂದ ಆ ಕಂಪನಿಯು 1993ರಲ್ಲಿ ಆರು ಗುಂಡಿಗಳ ಹೊಸ ಹಿಡಿಕೆಯನ್ನು ತರಬೇಕಾಯಿತು. ಇವೆಲ್ಲ ಅಮೆರಿಕ ಜಪಾನುಗಳ ಮಾತು. ನಮ್ಮ ಊರಿಗೆ ಬಂದದ್ದು ಪೆಟ್ಟಿಗೆ ಮಾತ್ರ. ಹಳೆಯ ಬಸ್ ನಿಲ್ದಾಣದ ಕಡೆಯ ಒಂದು ಓಣಿಯಲ್ಲಿ, ಮಿರ್ಚಿ ಮಂಡಕ್ಕಿ ಅಂಗಡಿಯ ಪಕ್ಕದಲ್ಲಿ, ಬಾಗಿಲಿಗೆ ಪರದೆ ಕಟ್ಟಿದ ವಿಡಿಯೋ ಗೇಮ್ ಅಂಗಡಿ. ಒಳಗೆ ಕತ್ತಲೆ, ಬೆವರಿನ ವಾಸನೆ, ಹುಡುಗರ ಕೂಗಾಟ. ಆಟಕ್ಕೆ ಒಂದು ರೂಪಾಯಿ.

1994ರಲ್ಲಿ ನಮ್ಮ ಹಿರಿಯವನು ಹತ್ತನೆಯ ತರಗತಿಯಲ್ಲಿದ್ದನು. ಕಾರ್ತಿಕ ಮಾಸದ ಒಂದು ಸೋಮವಾರ ಸಾಯಂಕಾಲ ನಮ್ಮ ಸಹೋದ್ಯೋಗಿಯೊಬ್ಬರು, “ಮೇಷ್ಟ್ರೇ, ನಿಮ್ಮ ಮಗನನ್ನು ಆ ಅಂಗಡಿಯಲ್ಲಿ ದಿನಾ ಕಾಣುತ್ತೇನೆ” ಎಂದರು. ನಾವು ಸೈಕಲ್ಲನ್ನೇರಿ ನೇರವಾಗಿ ಅಲ್ಲಿಗೆ ಹೋದೆವು. ಪರದೆ ಸರಿಸಿ ನೋಡಿದರೆ ಮಾತು ಸತ್ಯ. ಸುತ್ತ ಹತ್ತಿಪ್ಪತ್ತು ಹುಡುಗರು, ನಡುವೆ ನಮ್ಮವನು. “ದುಡ್ಡು ಎಲ್ಲಿಂದ ಬಂತು?” ಎಂದು ಕೇಳಿದೆವು. ಅವನು ಬಾಯಿ ತೆರೆದನು. ಮಾತು ಹೊರಡಲಿಲ್ಲ. ಮತ್ತೆ ಕೇಳಿದೆವು. ಮತ್ತೆ ಹೊರಡಲಿಲ್ಲ. ಮನೆಯ ಹಣ ಕದ್ದಿದ್ದಾನೆಂದು ನಿರ್ಧರಿಸಿದೆವು. ಎಲ್ಲರೆದುರಿಗೆ ಎರಡು ಏಟು ಕೆನ್ನೆಗೆ ಹೊಡೆದು, ಕಿವಿ ಹಿಡಿದು ಹೊರಗೆಳೆದುಕೊಂಡು ಬಂದೆವು. ‘ಕಳ್ಳ’ ಎಂಬ ಶಬ್ದವನ್ನೂ ಆ ಓಣಿಯಲ್ಲಿ ನಿಂತು ಗಟ್ಟಿಯಾಗಿ ಉಚ್ಚರಿಸಿದೆವು.

ಆ ಕಾಲದಲ್ಲಿ ಇಂಥ ಆಟಗಳ ಬಗ್ಗೆ ಹಿರಿಯರಿಗಿದ್ದ ಭಯವು ಆಧಾರವಿಲ್ಲದ್ದೇನೂ ಆಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. 1992ರಲ್ಲಿ ಅಮೆರಿಕದಲ್ಲಿ ಮಾರ್ಟಲ್ ಕಾಂಬ್ಯಾಟ್ ಎಂಬ ಆಟ ಬಂದಿತ್ತು. ಅದರಲ್ಲಿ ನಿಜವಾದ ಮನುಷ್ಯರ ಚಿತ್ರ ತೆಗೆದು, ಸೋತವನನ್ನು ಕೊನೆಯಲ್ಲಿ ಭೀಕರವಾಗಿ ಕೊಲ್ಲುವ ದೃಶ್ಯಗಳನ್ನಿಟ್ಟಿದ್ದರು. ಮರುವರ್ಷ ಅದು ಮನೆಯ ಯಂತ್ರಗಳಿಗೆ ಬಂದಾಗ ನಿಂಟೆಂಡೊದವರು ರಕ್ತವನ್ನು ತೆಗೆದು ಬೆವರಿನಂತೆ ತೋರಿಸಿದರು. ಸೆಗಾದವರ ಯಂತ್ರದಲ್ಲಿ ಗುಟ್ಟಿನ ಗುಂಡಿಗಳನ್ನೊತ್ತಿದರೆ ರಕ್ತ ಬರುತ್ತಿತ್ತು. 1993ರ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್ ಸಭೆಯೇ ಈ ಕುರಿತು ವಿಚಾರಣೆ ನಡೆಸಿತು. ಮರುವರ್ಷ ಯಾವ ವಯಸ್ಸಿನವರಿಗೆ ಯಾವ ಆಟ ಎಂಬ ಗುರುತನ್ನು ಪೆಟ್ಟಿಗೆಯ ಮೇಲೆ ಮುದ್ರಿಸುವ ಪದ್ಧತಿ ಬಂದಿತು. ಆ ಆಟವನ್ನು ಮಗನು ನಮಗೆ ತೋರಿಸಿದಾಗ ನಾವು ಎದ್ದು ಬಂದೆವು. ಇಂದಿಗೂ ಅದನ್ನು ಮಕ್ಕಳ ಕೈಗೆ ಕೊಡಬಾರದೆಂದೇ ನಮ್ಮ ಮತ. ಆದರೆ ನಾವು ಆ ದಿನ ಓಣಿಯಲ್ಲಿ ಹೊಡೆದದ್ದಕ್ಕೂ ಈ ವಿಚಾರಕ್ಕೂ ಸಂಬಂಧವಿರಲಿಲ್ಲ. ನಾವು ಆ ಪರದೆಯ ಮೇಲೆ ಏನಿದೆಯೆಂದು ನೋಡಿಯೇ ಇರಲಿಲ್ಲ.

ಆ ವರ್ಷ ಅವನು ದ್ವಿತೀಯ ದರ್ಜೆಯಲ್ಲಿ ತೇರ್ಗಡೆಯಾದನು. ಡಿಪ್ಲೊಮಾ ಓದಲು ಹಾಸ್ಟೆಲಿಗೆ ಹೋದನು, ಅಲ್ಲಿಂದ ನೌಕರಿಗೆ. ಮನೆಗೆ ಬರುತ್ತಿದ್ದನು, ಹೋಗುತ್ತಿದ್ದನು. ನಾವು ಕೂತ ಕೋಣೆಯಲ್ಲಿ ಅವನು ಹೆಚ್ಚು ಹೊತ್ತು ಕೂರುತ್ತಿರಲಿಲ್ಲ.

ಇನ್ನು ನಮ್ಮ ಪಕ್ಷಪಾತವನ್ನು ಕೇಳಿರಿ. 1999ರಲ್ಲಿ, ಹದಿಮೂರು ವರ್ಷದ ಕಿರಿಯವನು ತರಗತಿಗೆ ಮೊದಲಿಗನಾದನೆಂದು ನಾವೇ ಕೈಯಾರೆ ಟಿವಿಗೆ ಜೋಡಿಸಿ ಆಡುವ ಗೇಮಿನ ಪೆಟ್ಟಿಗೆಯೊಂದನ್ನು ತಂದುಕೊಟ್ಟೆವು. ಹಳೆಯ ನಿಂಟೆಂಡೊ ಯಂತ್ರದ ನಕಲು, ಹಿಡಿಕೆಯಲ್ಲಿ ನಾಲ್ಕಾರು ಗುಂಡಿ. ಕಾರ್ಟ್ರಿಡ್ಜಿನ ಮೇಲೆ 9999 ಆಟಗಳೆಂದು ಮುದ್ರಿಸಿದ್ದರು. ಹಾಕಿ ನೋಡಿದರೆ ಅವೇ ಐದಾರು ಆಟಗಳು ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಅದರಲ್ಲೊಂದು ಹೊಡೆದಾಟದ ಆಟವೂ ಇತ್ತು. ರಜೆಗೆ ಬಂದ ಹಿರಿಯವನು ಬಾಗಿಲಲ್ಲಿ ನಿಂತು ಅದನ್ನು ನೋಡಿದನು. ನಮ್ಮ ಮುಖವನ್ನೂ ಒಮ್ಮೆ ನೋಡಿದನು. ಆಮೇಲೆ ತಮ್ಮನ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತು, ಕಾಲು ವೃತ್ತ ತಿರುವುವುದು ಹೇಗೆಂದು ಅವನ ಹೆಬ್ಬೆರಳನ್ನು ಹಿಡಿದು ಕಲಿಸಿದನು. ತಮ್ಮನು ಇಂದಿಗೂ ಹೆಬ್ಬೆರಳಿನಿಂದ ಆಡುವುದು ಹಾಗಾಗಿ. ಅಣ್ಣನ ಆ ನೋಟದ ಅರ್ಥ ನಮಗೆ ಅಂದು ಹೊಳೆದಿತ್ತು. ಹೊಳೆಯಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ.

ಫೆಬ್ರುವರಿಯ ಆ ಭಾನುವಾರದ ನಂತರ ನಾವು ಪ್ರತಿ ವಾರ ಮಹಡಿಯ ಕೋಣೆಗೆ ಹೋಗಿ ಕುರ್ಚಿ ಹಾಕಿಕೊಂಡು ಕೂರತೊಡಗಿದೆವು. ಅಣ್ಣತಮ್ಮಂದಿರು ತಾಯಿಯ ಬಗ್ಗೆ ಒಂದು ಮಾತನ್ನೂ ಆಡುತ್ತಿರಲಿಲ್ಲ. “ಲೋ, ಅದನ್ನ ಯಾಕೆ ತಡೀಲಿಲ್ಲ”, “ನಿನ್ನ ನೆಟ್ ಸರಿ ಇಲ್ಲ” ಎಂಬಂಥ ಮಾತುಗಳೇ. ಆದರೆ ಕಿರಿಯವನು ಅಣ್ಣನ ಮಾತು ಉಗ್ಗಿ ನಿಂತಾಗ ಸುಮ್ಮನೆ ಆಡುತ್ತ ಕಾಯುತ್ತಿದ್ದನು. ಫೋನಿನಲ್ಲಾದರೆ ಆ ಮೌನ ಭಾರವಾಗುತ್ತದೆ. ಇಲ್ಲಿ ಹಾಗಾಗುತ್ತಿರಲಿಲ್ಲ.

ಮಗನು ನಮಗೆ ಹಳೆಯ ಪಂದ್ಯವೊಂದರ ಚಿತ್ರವನ್ನು ತೋರಿಸಿದನು. 2004ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಎವೊ ಪಂದ್ಯಾವಳಿ, ಸ್ಟ್ರೀಟ್ ಫೈಟರ್ ಮೂರನೆಯ ಆಟ. ಜಪಾನಿನ ದೈಗೊ ಉಮೆಹಾರನ ಆಯುಷ್ಯದ ಪಟ್ಟಿಯಲ್ಲಿ ಕೂದಲೆಳೆಯಷ್ಟು ಮಾತ್ರ ಉಳಿದಿದೆ. ಅಮೆರಿಕದ ಜಸ್ಟಿನ್ ವಾಂಗ್ ಹದಿನೈದು ಒದೆತಗಳ ಮಹಾಪ್ರಹಾರವೊಂದನ್ನು ಬಿಡುತ್ತಾನೆ. ಸಾಮಾನ್ಯ ರೀತಿಯಲ್ಲಿ ತಡೆದರೂ ಒಂದೊಂದರಿಂದ ಸ್ವಲ್ಪ ಸ್ವಲ್ಪ ಜೀವ ಹೋಗುವುದರಿಂದ ಸೋಲು ಖಚಿತ. ಆ ಆಟದಲ್ಲಿ ಇನ್ನೊಂದು ಉಪಾಯವಿದೆ. ಏಟು ತಾಗುವ ಸರಿಯಾದ ಕ್ಷಣಕ್ಕೆ ಕೋಲನ್ನು ಹಿಂದಕ್ಕೆಳೆಯದೆ, ಏಟು ಬರುವ ದಿಕ್ಕಿಗೇ, ಮುಂದಕ್ಕೆ ತಟ್ಟಿದರೆ ಏನೂ ನಷ್ಟವಾಗುವುದಿಲ್ಲ. ಕ್ಷಣ ತಪ್ಪಿದರೆ ಮುಗಿಯಿತು. ದೈಗೊ ಹದಿನೈದನ್ನೂ ಹಾಗೆಯೇ ಎದುರಿಸಿ, ಮರುಕ್ಷಣದಲ್ಲಿ ತಿರುಗಿ ಹೊಡೆದು ಗೆದ್ದನು. ಸಭಾಂಗಣದ ಜನರು ಕಿರುಚಿದ್ದು ಆ ಹಳೆಯ ಚಿತ್ರದಲ್ಲಿಯೂ ಮೈ ನವಿರೇಳಿಸುವಂತಿದೆ. ಅಂತಿಮ ಪಂದ್ಯದಲ್ಲಿ ಆತ ಸೋತನೆಂಬುದನ್ನು ಯಾರೂ ನೆನಪಿಟ್ಟುಕೊಂಡಂತಿಲ್ಲ. ನಾವು ಅದನ್ನು ನಾಲ್ಕು ಸಲ ಹಾಕಿಸಿ ನೋಡಿದೆವು. 2019ರಲ್ಲಿ ಲಾಹೋರಿನ ಅರ್ಸಲಾನ್ ಆಶ್ ಎಂಬ ತರುಣನು ಜಪಾನಿನಲ್ಲಿಯೂ ಲಾಸ್ ವೇಗಾಸಿನಲ್ಲಿಯೂ ಟೆಕ್ಕೆನ್ ಆಟದಲ್ಲಿ ಗೆದ್ದದ್ದು, 2023ರಲ್ಲಿ ಚೀನಾದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸ್ಟ್ರೀಟ್ ಫೈಟರಿಗೆ ಪದಕವಿಟ್ಟದ್ದು, ಕೊರಿಯಾದ ಕಿಮ್ ಗ್ವಾನ್‌ವೂ ಎಂಬಾತ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಚಿನ್ನ ಗೆದ್ದದ್ದು, ಇವನ್ನೆಲ್ಲ ಮಗನು ಹೇಳಿದನು. “ನನ್ನ ವಯಸ್ಸಿನವನು, ಅಪ್ಪಾಜಿ” ಎಂದನು. ಅಷ್ಟು ಉದ್ದ ಮಾತುಗಳನ್ನು ಅವನು ನಮ್ಮೊಡನೆ ಆಡಿ ಎಷ್ಟು ವರ್ಷಗಳಾಗಿದ್ದವೋ.

ಮಾರ್ಚ್ 8ರಂದು ಮಹಾಶಿವರಾತ್ರಿ. ಹಿಂದೆಲ್ಲ ಜಾಗರಣೆಯ ರಾತ್ರಿ ನಮ್ಮ ಮನೆಯವರು ನಡುಮನೆಯಲ್ಲಿ ಕುಳಿತು ಹಾಡುತ್ತಿದ್ದರು, ನಾವು ಓದುತ್ತಿದ್ದೆವು. ಆ ರಾತ್ರಿ ಹನ್ನೊಂದರವರೆಗೆ ಒಬ್ಬರೇ ಕುಳಿತೆವು. ಆಮೇಲೆ ಕೂರಲಾಗಲಿಲ್ಲ. ಮೇಲೆ ಹೋದೆವು. ಮಗನೂ ಎಚ್ಚರವಾಗಿದ್ದನು. ಕೈಗೆ ಒಂದು ಹಿಡಿಕೆಯನ್ನಿತ್ತು, “ಆಡ್ತೀರಾ, ಅಪ್ಪಾಜಿ?” ಎಂದು ಕೇಳಿದನು.

ಹೊಸಬರಿಗೆಂದು ಈ ಆರನೆಯ ಆಟದಲ್ಲಿ ಒಂದೇ ಗುಂಡಿಗೆ ವಿಶೇಷ ಹೊಡೆತ ಬರುವಂಥ ಸುಲಭ ಕ್ರಮವೊಂದಿದೆ. ಆದರೂ ನಾವು ಹನ್ನೆರಡು ಪಂದ್ಯಗಳಲ್ಲಿ ಹನ್ನೆರಡನ್ನೂ ಸೋತೆವು. ಅವನು ಪ್ರತಿ ಸಲವೂ ಅದೇ ಯೋಗಿಯನ್ನೇ ಆರಿಸಿಕೊಳ್ಳುತ್ತಿದ್ದನು. ಧಾಲ್ಸಿಮ್ ಎಂದು ಅವನ ಹೆಸರು. ಜಪಾನಿನವರು ಕಲ್ಪಿಸಿದ ಭಾರತೀಯ. ಕೊರಳಲ್ಲಿ ತಲೆಬುರುಡೆಗಳ ಸರ, ರಬ್ಬರಿನಂತೆ ಅರ್ಧ ಪರದೆಯವರೆಗೆ ಚಾಚುವ ಕೈಕಾಲು, ಬಾಯಿಂದ ಬೆಂಕಿ. ಬಡ ಹಳ್ಳಿಯವರಿಗೆ ಹಣ ಕೂಡಿಸಲು ಕಾದಾಡುವವನೆಂದು ಅವನ ಕಥೆ. ಇಂಥ ಯೋಗಿಯನ್ನು ಕಲ್ಪಿಸಿದವರಿಗೆ ಯೋಗವೆಂದರೇನೆಂದು ಯಾರಾದರೂ ತಿಳಿಸಬಾರದಿತ್ತೇ ಎಂದು ನಾವು ಗೊಣಗಿದೆವು.

ಮಗನು ನಕ್ಕುಬಿಟ್ಟನು. “ಅವ್ವನೂ ಇದನ್ನೇ ಕೇಳಿದ್ದಳು” ಎಂದನು.

“ಅವಳು ಯಾವಾಗ ನೋಡಿದಳು?”

ಅವನು ಉತ್ತರ ಹೇಳುವುದಕ್ಕೆ ಬಹಳ ಹೊತ್ತು ಬೇಕಾಯಿತು. ತಡವರಿಸಿ, ನಿಂತು, ಮತ್ತೆ ಆರಂಭಿಸಿ ಹೇಳಿದ ಅದನ್ನು ಇಲ್ಲಿ ನೇರವಾಗಿ ಬರೆಯುತ್ತೇವೆ. 1994ರ ಶ್ರಾವಣದಲ್ಲಿ ಅವನ ತಾಯಿ ಸಂತೆಯಿಂದ ತರಕಾರಿ ಚೀಲ ಹೊತ್ತು ಬರುವಾಗ ಆ ಅಂಗಡಿಯ ಮುಂದೆ ಮಗನ ದನಿ ಕೇಳಿ ನಿಂತರಂತೆ. ಪರದೆ ಸರಿಸಿ ಒಳಗೇ ಬಂದರಂತೆ. ಹುಡುಗರೆಲ್ಲ ಗಪ್ಪಾದರು. ಅವರು ಪೆಟ್ಟಿಗೆಯೊಳಗಿನ ಯೋಗಿಯನ್ನು ನೋಡಿ, “ಈ ಅಯ್ಯನವರು ಯಾವ ಮಠದವರಪ್ಪಾ? ಹೊಟ್ಟೆಗೆ ಅನ್ನ ಕಂಡ ಹಾಗಿಲ್ಲ” ಎಂದರು. ಹುಡುಗರು ಬಿದ್ದು ಬಿದ್ದು ನಕ್ಕರು. ಆಟದ ನಡುವಿನಲ್ಲಿದ್ದ ನಮ್ಮ ಮಗನು ಪರದೆಯಿಂದ ಕಣ್ಣು ಕೀಳದೆ, “ಅವರು ಯೋಗಿ ಅವ್ವಾ, ಬಾಯಿಂದ ಬೆಂಕಿ ಉಗುಳ್ತಾರೆ, ನೋಡ್ತಿರು” ಎಂದು ಒಂದೇ ಉಸಿರಿಗೆ ಹೇಳಿದನು. ಎಲ್ಲಿಯೂ ಉಗ್ಗಲಿಲ್ಲ. ಅದು ಅವನ ಗಮನಕ್ಕೆ ಬಂದಿರಲಿಲ್ಲ. ತಾಯಿಯ ಗಮನಕ್ಕೆ ಬಂದಿತು. ಮರುದಿನದಿಂದ ಅವರು ಶಾಲೆಗೆ ಹೊರಡುವಾಗ ಅವನ ಕಿಸೆಗೆ ಒಂದು ರೂಪಾಯಿ ಹಾಕತೊಡಗಿದರು. ಗೆದ್ದವನು ಆಟ ಬಿಟ್ಟು ಏಳಬೇಕಾಗಿಲ್ಲ, ಸೋತವನೇ ಮತ್ತೆ ನಾಣ್ಯ ಹಾಕಬೇಕೆಂಬುದು ಆ ಅಂಗಡಿಯ ಕಟ್ಟಳೆ. ಆದ್ದರಿಂದ ಅವನಿಗೆ ಒಂದು ರೂಪಾಯಿ ಒಂದು ಗಂಟೆಗೆ ಸಾಕಾಗುತ್ತಿತ್ತು.

“ಮತ್ತೆ ಆ ದಿನ ಯಾಕೆ ಹೇಳಲಿಲ್ಲ?” ಎಂದೆವು. ನಮ್ಮ ದನಿ ನಮಗೇ ಕೇಳಿಸಲಿಲ್ಲ.

“ಹೇ... ಹೇಳಕ್ಕೆ ಬರಲಿಲ್ಲ” ಎಂದನು. ಸ್ವಲ್ಪ ಹೊತ್ತು ಬಿಟ್ಟು, “ಆಮೇಲೆ ಬಂತು. ಹೇಳಿದ್ರೆ ಅವ್ವನ್ನ ಬೈತಿದ್ರಿ” ಎಂದನು.

ಯಂತ್ರವು ಏಳೆಂಟು ಚಿತ್ರಗಳಷ್ಟು ಹಿಂದಕ್ಕೆ ಹೋಗಬಲ್ಲದು. ಅದಕ್ಕಿಂತ ಹಿಂದಕ್ಕೆ ಹೋಗುವ ಉಪಾಯವನ್ನು ಯಾರೂ ಕಂಡುಹಿಡಿದಿಲ್ಲ. ನಾವು ಅವನ ತಲೆಯ ಮೇಲೆ ಕೈಯಿಟ್ಟು, “ತಪ್ಪಾಯಿತಪ್ಪಾ” ಎಂದೆವು. ಅವನು ಪರದೆಯ ಕಡೆಗೆ ತಿರುಗಿಕೊಂಡು, “ಇನ್ನೊಂದು ಆಟ ಆಡೋಣ” ಎಂದನು. ಹದಿಮೂರನೆಯದನ್ನೂ ಸೋತೆವು. ಬೆಳಗಿನವರೆಗೆ ಆಡಿದೆವು. ಜಾಗರಣೆಯ ರಾತ್ರಿ ಹೀಗೆ ಕಳೆಯುವುದು ಸರಿಯೇ ಎಂದು ಕೇಳುವ ಹಿರಿಯರು ಕೇಳಲಿ.

ಮಗನು ಪುಣೆಗೆ ಹೋದ ಮೇಲೆ ಒಂದು ಮಧ್ಯಾಹ್ನ ನಮ್ಮ ಮನೆಯವರ ಟ್ರಂಕನ್ನು ತೆಗೆದೆವು. ಅವರು ಮನೆಯ ಖರ್ಚನ್ನು ದಿನವೂ ಬರೆದಿಡುತ್ತಿದ್ದರು, ನಾವು ತಿಂಗಳಿಗೊಮ್ಮೆ ಕೂಡಿ ನೋಡಿ ಸಹಿ ಹಾಕುತ್ತಿದ್ದೆವು. ಗಣಿತದ ಮೇಷ್ಟರ ಮನೆ! 1994ರ ಪುಸ್ತಕ ಸಿಕ್ಕಿತು. ಶ್ರಾವಣ ಮಾಸದಿಂದ ಮುಂದೆ, ಹಾಲು, ಸೊಪ್ಪು, ಬೆಂಕಿಪೆಟ್ಟಿಗೆಗಳ ಕೆಳಗೆ, ಭಾನುವಾರವೊಂದನ್ನು ಬಿಟ್ಟು ಪ್ರತಿ ದಿನವೂ ಒಂದು ಸಾಲು: ‘ಅಯ್ಯನವರಿಗೆ - 1 ರೂ.’ ಆ ಸಾಲು ನಮಗೆ ನೆನಪಿತ್ತು. ಭಿಕ್ಷಕ್ಕೆ ಬರುವ ಯಾರೋ ಜಂಗಮರಿಗೆ ಕೊಡುತ್ತಿದ್ದಾರೆಂದು ತಿಳಿದು, “ದಿನಾ ಬರುವ ಈ ಅಯ್ಯನವರು ಯಾರು?” ಎಂದು ಒಮ್ಮೆ ಕೇಳಿಯೂ ಇದ್ದೆವು. “ಬಹಳ ಬಡವರು, ದೂರದವರು” ಎಂದಿದ್ದರು ಅವರು, ರೊಟ್ಟಿ ತಟ್ಟುತ್ತ, ತಲೆಯೆತ್ತದೆ. ಪ್ರತಿ ತಿಂಗಳ ಕೊನೆಗೂ ಕೆಳಗೆ ನಮ್ಮ ಸಹಿ ಇದೆ.

ನಾವು ಹೊಡೆದ ಆ ಕಾರ್ತಿಕ ಸೋಮವಾರದ ಪುಟವನ್ನು ಹುಡುಕಿದೆವು. ಮಂಗಳವಾರ, ಬುಧವಾರ, ಗುರುವಾರಗಳಲ್ಲಿ ಆ ಸಾಲಿಲ್ಲ. ಶುಕ್ರವಾರದಿಂದ ಮತ್ತೆ ಆರಂಭವಾಗಿ, ಪುಟದಿಂದ ಪುಟಕ್ಕೆ, ಪರೀಕ್ಷೆಯ ಹಿಂದಿನ ವಾರದವರೆಗೂ ಅದು ನಡೆದಿದೆ.

ಈಗ ನಮ್ಮ ಮಹಡಿಯ ಕೋಣೆಯಲ್ಲಿಯೂ ಒಂದು ಕಂಪ್ಯೂಟರಿದೆ. ಭಾನುವಾರ ಬೆಳಿಗ್ಗೆ ಪುಣೆ, ಡಲ್ಲಾಸ್, ದಾವಣಗೆರೆ ಮೂರೂ ಕೂಡುತ್ತವೆ. ಡಲ್ಲಾಸಿನಿಂದ ಹತ್ತು ವರ್ಷದ ಮೊಮ್ಮಗನು, “ಅಜ್ಜಾ, ನೀವು ತುಂಬಾ ಸ್ಲೋ” ಎಂದು ಬೈಯುತ್ತಾನೆ. ಪುಣೆಯವನೊಡನೆ ಆಡುವಾಗ ಮಾತ್ರ ದೂರ ಕಡಿಮೆಯಾದ್ದರಿಂದ ಚಿತ್ರ ಹಾರುವುದಿಲ್ಲ, ಏಟು ಹೊಡೆದ ಕ್ಷಣಕ್ಕೇ ತಾಗುತ್ತದೆ. ಟ್ರಂಕು ತೆಗೆದ ನಂತರದ ಭಾನುವಾರ ನಾವು ಆಡುತ್ತಾಡುತ್ತ, “ಅಷ್ಟು ಏಟು ತಿಂದ ಮೇಲೂ ಶುಕ್ರವಾರದಿಂದ ಮತ್ತೆ ಹೋಗುತ್ತಿದ್ದೆಯೇನಯ್ಯಾ?” ಎಂದು ಕೇಳಿದೆವು.

ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. “ಅಪ್ಪಾಜಿ, ಆಟದ ಮಧ್ಯೆ ಮಾತಾಡಿಸಬೇಡಿ” ಎಂದನು, ಎಲ್ಲಿಯೂ ತಡವರಿಸದೆ. ಅಷ್ಟರಲ್ಲಿ ಅಯ್ಯನವರ ಕೈ ಅರ್ಧ ಪರದೆಯನ್ನು ದಾಟಿ ಬಂದು ನಮ್ಮವನ ಮುಖಕ್ಕೆ ತಾಗಿಯಾಗಿತ್ತು.